ದೊರೆಸಾನಿಯ ಪಥ್ಯ

ಹಳೆಯ ಮನೆ, ಎರಡನೇ ಮಹಡಿ
ಬುಧವಾರ ಬೆಳಿಗ್ಗೆ, ಮಾರ್ಚ್ ೧೨

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಬಿಸಿನೀರಿನ ಶಾಖ ಕೊಡುತ್ತಿದ್ದೀಯೋ, ಇಲ್ಲ ಹೇಳಿದವರಿಗೆಲ್ಲ ಹೂಂ ಅಂದು ಮತ್ತೆ ಅದೇ ಕೈಯಲ್ಲಿ ಗೀಚುತ್ತಾ ಕೂತಿದ್ದೀಯೋ? ಇಡೀ ದಿನ ಕೋರ್ಟಿನಲ್ಲಿ ಕಂಡವರ ಜಗಳವನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ, ಕೈ ನೋಯದೆ ಇನ್ನೇನಾದೀತು. ರಾತ್ರಿ ಕೆಮ್ಮು ಬರುತ್ತಿದ್ದರೆ ತಣ್ಣೀರು ಮುಟ್ಟಬೇಡ. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ವಾಡಿಕೆ, ಅದಕ್ಕೆ ಬರೆದೆ. ಮಂಡಿ ಎಂದಿನಂತೆ ಕಟಕಟ ಅನ್ನುತ್ತದೆ, ಎರಡು ಮಹಡಿ ಹತ್ತುವಷ್ಟರಲ್ಲಿ ನಾಲ್ಕು ಸಲ ನಿಂತು ಉಸಿರು ಎಳೆದುಕೊಳ್ಳುತ್ತೇನೆ. ನೀನು ಕೇಳಿಲ್ಲ, ಆದರೂ ಹೇಳಿದೆ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಅಮ್ಮ ಹೋದ ಮೇಲೆ ಐದು ತಿಂಗಳಲ್ಲಿ ನಿನ್ನಿಂದ ಬಂದ ಮೊದಲ ಕಾಗದ. ಅಂಚೆಯವನ ಕೈಯಿಂದ ತೆಗೆದುಕೊಂಡಾಗ ಭಾರವಾಗಿತ್ತು. ಪಾಪ, ಮನಸ್ಸು ಬಿಚ್ಚಿ ಬರೆದಿದ್ದಾಳೆ ಅಂದುಕೊಂಡು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಒಡೆದೆ. ಮೂರು ಹಾಳೆ, ಮೂರೂ ಬೆಕ್ಕಿನ ಊಟದ ಬಗ್ಗೆ. ನಿನ್ನ ಹೊಸ ಮನೆಯ ಒಡೆಯರು ಬೆಕ್ಕು ಸಾಕಲು ಒಪ್ಪಿದ್ದಾರೆ, ಮುಂದಿನ ತಿಂಗಳು ಬಂದು ಒಯ್ಯುತ್ತೇನೆ, ಅಲ್ಲಿಯವರೆಗೆ ಅಮ್ಮನ ಬೆಕ್ಕು ದೊರೆಸಾನಿಯ ಆರೋಗ್ಯ ಸರಿಮಾಡಿ ಇಡು ಎಂಬ ಅಪ್ಪಣೆ. ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ, ಯಾವ ಪೊಟ್ಟಣ, ಹಾಲು ಕೊಡಬಾರದು, ಈರುಳ್ಳಿ ಬೆಳ್ಳುಳ್ಳಿ ಸೋಕಿದ್ದನ್ನು ಕೊಡಬಾರದು, ಕೆಳಗಿನ ದರ್ಜಿ ಹಾಕುವ ಮೀನಿನ ತಲೆ ನಿಲ್ಲಿಸಬೇಕು. ಅಚ್ಚುಕಟ್ಟಾಗಿ ಟೈಪು ಮಾಡಿದ್ದೀಯ. ಗುಬ್ಬೀ, ಅಮ್ಮ ಮೂರು ವರ್ಷ ಹೃದಯದ ಕಾಯಿಲೆಯಲ್ಲಿ ನರಳಿದಳು. ಅವಳು ಏನು ತಿನ್ನಬೇಕು ಏನು ಬಿಡಬೇಕು ಎಂದು ನೀನು ಒಂದು ಸಾಲು ಬರೆಯಲಿಲ್ಲ. ಎರಡು ಹಾಳೆ ಓದುವಷ್ಟರಲ್ಲಿ ನನಗೆ ಮೈಯೆಲ್ಲ ಉರಿದುಹೋಯಿತು. ಮೂರನೆಯದನ್ನು ಓದದೆ ಮಡಚಿ ಮೇಜಿನ ಡ್ರಾಯರ್‌ಗೆ ತುರುಕಿದೆ.

ಆದರೂ ಮೊದಲೆರಡು ಹಾಳೆಯಲ್ಲಿ ಹೇಳಿದಂತೆ ಮಾಡಿದೆ. ಸಿಟ್ಟು ಬೇರೆ, ಪಥ್ಯ ಬೇರೆ. ನಮ್ಮ ಆಸ್ಪತ್ರೆಯ ಅಡುಗೆಮನೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದಾರೆ, ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ. ನಮ್ಮ ಮನೆಯಲ್ಲಿ ಊಟ ಬಲ್ಲವಳು ನಾನು, ಮಾತು ಬಲ್ಲವಳು ನೀನು. ರೋಗವೂ ತಪ್ಪಲಿಲ್ಲ, ಜಗಳವೂ ತಪ್ಪಲಿಲ್ಲ. ಇರಲಿ. ನೀನು ಪಾರ್ಸೆಲ್ ಮಾಡಿದ ಒಣ ಊಟದ ಪೊಟ್ಟಣ ಒಡೆದು, ಆಸ್ಪತ್ರೆಯಿಂದ ತಂದ ತಕ್ಕಡಿಯಲ್ಲಿ ತೂಗಿ, ದಿನಕ್ಕೆ ನಾಲ್ಕು ಪಾಲು ಮಾಡಿ, ಹೊಸ ಬೋಗುಣಿಯಲ್ಲಿ ಹಾಕಿದೆ. ಕೆಳಗೆ ಇಳಿಯದಂತೆ ಬಾಗಿಲು ಭದ್ರ ಮಾಡಿದೆ. ದರ್ಜಿ ಅಕ್ಕನಿಗೂ ಹೇಳಿದೆ, ಇನ್ನು ಮೀನು ಬೇಡಮ್ಮ, ಇದಕ್ಕೆ ಈಗ ಕೋರ್ಟಿನಿಂದ ತಡೆಯಾಜ್ಞೆ ಬಂದಿದೆ ಅಂತ. ಅವರು ನಕ್ಕರು. ಬೆಕ್ಕು ಬೋಗುಣಿ ಮೂಸಿ ನೋಡಿತು, ಮುಖ ತಿರುಗಿಸಿತು, ಅಮ್ಮನ ಮಂಚದ ಕೆಳಗೆ ಹೋಗಿ ಮಲಗಿತು.

ನಾನು ಬಿಡಲಿಲ್ಲ. ನೀನು ಯಾವಾಗಲೂ 'ನಮ್ಮಕ್ಕ ಆಸ್ಪತ್ರೇಲಿ ಅಡುಗೆ ಮಾಡ್ತಾಳೆ' ಎಂದು ಒಂದೇ ಮಾತಿನಲ್ಲಿ ನನ್ನ ಕೆಲಸ ಮುಗಿಸಿಬಿಡುತ್ತಿದ್ದೆ. ನಾನು ಇಪ್ಪತ್ತೆರಡು ವರ್ಷದಿಂದ ಪಥ್ಯದ ಅಡುಗೆಯ ಮೇಲ್ವಿಚಾರಕಿ. ಕೆಂಪು ಚೀಟಿ ಇದ್ದರೆ ಉಪ್ಪಿಲ್ಲ, ಹಳದಿ ಇದ್ದರೆ ಸಕ್ಕರೆ ಇಲ್ಲ, ನೀಲಿ ಇದ್ದರೆ ಅರೆದದ್ದು. ತಟ್ಟೆ ಕಳಿಸುವುದು ಕೆಲಸದ ಅರ್ಧ ಮಾತ್ರ. ಇನ್ನರ್ಧ, ಹಿಂದಕ್ಕೆ ಬಂದ ತಟ್ಟೆ ನೋಡುವುದು. ರೋಗಿಯ ಬಾಯಿಯ ಮಾತನ್ನು ನಾವು ನಂಬುವುದಿಲ್ಲ, ತಟ್ಟೆಯನ್ನು ನಂಬುತ್ತೇವೆ. ಅನ್ನವನ್ನು ಲೋಟದಡಿ ಮುಚ್ಚಿಡುವವರು, ಮೀನನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಎಸೆಯುವವರು, ಪಕ್ಕದ ಹಾಸಿಗೆಯವನಿಗೆ ದಾನ ಮಾಡುವವರು, ಇಂಥ ಕಳ್ಳಾಟವೆಲ್ಲ ನನಗೆ ಕರತಲಾಮಲಕ. ಹೊಸದಾಗಿ ಬಂದ ರೋಗಿ ಮೊದಲೆರಡು ದಿನ ಸಪ್ಪೆ ಊಟಕ್ಕೆ ಮುಖ ಸಿಂಡರಿಸುತ್ತಾನೆ. ಮೂರನೆಯ ದಿನ ಹೊಟ್ಟೆಯೇ ಅವನಿಗೆ ಬುದ್ಧಿ ಹೇಳುತ್ತದೆ. ಬೆಕ್ಕೂ ಹಾಗೆಯೇ ಅಂದುಕೊಂಡೆ. ಮೊದಲ ದಿನ ಹೋಯಿತು, ಎರಡನೆಯದು ಹೋಯಿತು, ಮೂರನೆಯದೂ ಹೋಯಿತು. ನಾಲ್ಕನೆಯ ದಿನ ಕೆಲಸದಿಂದ ಬಂದಾಗ ಅದು ತಲೆ ಎತ್ತಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

ಮೀನಿನ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಎತ್ತಿಕೊಂಡು ಓಡಿದೆ. ಈ ಮಂಡಿಯಲ್ಲಿ ಓಡಿದೆ, ನಂಬು. ಪಶುವೈದ್ಯೆ ಸಣ್ಣ ಪ್ರಾಯದವಳು, ಕೈ ತುಂಬ ಗೀರುಗಾಯ. ಬೆಕ್ಕಿನ ಕಿವಿಯನ್ನು ಮಡಚಿ ಬೆಳಕಿಗೆ ಹಿಡಿದು, ತುಟಿ ಎತ್ತಿ ವಸಡು ನೋಡಿ, ನನ್ನನ್ನೂ ನೋಡಲು ಕರೆದಳು. ಎರಡೂ ಹಳದಿಯಾಗಿದ್ದವು. ದಪ್ಪ ಬೆಕ್ಕು ಹೀಗೆ ಒಂದೇ ಸಲಕ್ಕೆ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಹೋಗಿ ಪಿತ್ತಜನಕಾಂಗಕ್ಕೆ ಕೂರುತ್ತದಂತೆ, ನಾಲ್ಕೇ ದಿನದಲ್ಲಿ ಪ್ರಾಣಕ್ಕೆ ಬರುತ್ತದಂತೆ. 'ಮನುಷ್ಯರಿಗೆ ಮಾಡಿದ ಹಾಗೆ ಉಪವಾಸ ಕೆಡವಿ ದಾರಿಗೆ ತರೋಕೆ ಆಗಲ್ಲ ಅಮ್ಮಾ, ಊಟ ಬದಲಾಯಿಸೋದಾದ್ರೆ ಹಳೇದರ ಜೊತೆ ಹೊಸದನ್ನ ಚೂರು ಚೂರೇ ಕಲಸಬೇಕು, ಹತ್ತು ದಿನ ಬೇಕು' ಎಂದಳು. ಹಾಗಾದರೆ ಇದು ಹಳೆಯದಾಗಿ ಏನು ತಿನ್ನುತ್ತಿತ್ತು, ಯಾವ ಹೊತ್ತಿಗೆ, ಯಾವ ಪಾತ್ರೆಯಲ್ಲಿ, ಹೇಳಿ ಎಂದು ಪೆನ್ನು ಹಿಡಿದು ಕೂತಳು. ಮುನ್ನೂರು ರೋಗಿಗಳ ಪಥ್ಯ ಬಾಯಿಪಾಠ ಒಪ್ಪಿಸುವ ನಾನು ಬೆಪ್ಪಾಗಿ ನಿಂತೆ. ಒಂದಿಷ್ಟು ಹಾಲು, ಕೆಳಗಿನವರ ಮೀನಿನ ತಲೆ ಎಂದೆ. ಅವಳು ಅಮ್ಮನಿದ್ದಾಗ ಒಮ್ಮೆ ಸೂಜಿ ಹಾಕಿಸಿದ ಹಳೆಯ ಚೀಟಿ ತೆಗೆದು ನೋಡಿದಳು. ಆಗ ಏಳು ಕಿಲೋ ಇತ್ತು. 'ಹಾಲು, ಮೀನಿನ ತಲೆಯಲ್ಲಿ ಬೆಕ್ಕು ಏಳು ಕಿಲೋ ಆಗಲ್ಲ. ಯಾರೋ ಮೂರು ಹೊತ್ತೂ ಎಲೆ ಹಾಕಿ ಬಡಿಸಿದ್ದಾರೆ' ಎಂದು ನಕ್ಕಳು.

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಒಂಬತ್ತು ದಿನ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರಾದ ಊಟವನ್ನು ಅದರ ಬಾಯಿಯ ಪಕ್ಕದಿಂದ ಬಿಟ್ಟೆ. ಕೆಲಸಕ್ಕೆ ರಜೆ ಹಾಕಿದೆ. ಅಮ್ಮನಿಗೆ ಜ್ವರ ಬಂದಾಗಲೂ ನಾನು ಒಟ್ಟಿಗೆ ಒಂಬತ್ತು ದಿನ ರಜೆ ಹಾಕಿರಲಿಲ್ಲ. ಬೆಕ್ಕು ಅರ್ಧ ನುಂಗಿ ಅರ್ಧ ನನ್ನ ಸೆರಗಿಗೆ ಉಗುಳುತ್ತಿತ್ತು. ನಿನಗೊಂದು ಮಾತು ಬರೆದು ತಿಳಿಸಬೇಕಿತ್ತು, ಬರೆಯಲಿಲ್ಲ. ಸತ್ತರೆ ನೀನು ಏನೆನ್ನುತ್ತೀಯ ಎಂದು ನನಗೆ ಗೊತ್ತಿತ್ತು. ಒಮ್ಮೆ ಅಂದಿದ್ದೀಯಲ್ಲ.

ಆ ದಿನದ ಮಾತನ್ನು ನಾನು ಮರೆತಿಲ್ಲ. ಅಮ್ಮನನ್ನು ಕಳಿಸಿಕೊಟ್ಟು ಬಂದು ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಚಿಕ್ಕಪ್ಪನ ಮನೆಯವರು, ಅತ್ತೆ, ನನ್ನ ಜೊತೆ ಕೆಲಸ ಮಾಡುವ ಇಬ್ಬರು. ಅಷ್ಟು ಜನರೆದುರು ನೀನು ಎದ್ದು ನಿಂತು, 'ಅಕ್ಕ ಉಪ್ಪಿಲ್ಲದೆ ಅಮ್ಮನ್ನ ಒಣಗಿಸಿ ಒಣಗಿಸಿ ಕೊಂದಳು' ಅಂದೆ. ಮೂರು ವರ್ಷದಲ್ಲಿ ಈ ಮನೆಗೆ ನೀನು ಬಂದದ್ದು ಅದೇ ಮೊದಲು. ದೂರ, ರಜೆ ಇಲ್ಲ, ಕೈನೋವು, ನಿನ್ನ ಕಾರಣಗಳು ನಿನಗಿದ್ದವು. ಕಣ್ಣೀರು ಬಿಟ್ಟು ನನಗೆ ಬಾಯಲ್ಲಿ ಬಂದದ್ದು ಒಂದೇ ಮಾತು: ತಟ್ಟೆ ಖಾಲಿ ಬರುತ್ತಿತ್ತು. ಮೂರು ವರ್ಷ, ಮೂರು ಹೊತ್ತು, ಒಂದು ಅಗುಳು ಮಿಗದೆ ತಟ್ಟೆ ಖಾಲಿ ಬರುತ್ತಿತ್ತು, ಹೊಟ್ಟೆಗಿಲ್ಲದೆ ಸತ್ತಳು ಅನ್ನಬೇಡ, ಅಂದೆ. ನೀನು ಥಟ್ಟನೆ ಬಾಯಿ ಮುಚ್ಚಿದೆ. ಕಾಲ ಹತ್ತಿರ ಇದ್ದ ಬೆಕ್ಕನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ತಲೆ ಬಗ್ಗಿಸಿ ಕೂತೆ. ಸಂಜೆ ಹಾಗೆಯೇ ಹೊರಟುಹೋದೆ. ನಾನು ಗೆದ್ದೆ ಅಂದುಕೊಂಡೆ, ಗುಬ್ಬೀ. ಅಮ್ಮ ಹೋದ ದಿನ ಕೂಡ ಗೆದ್ದ ಸಮಾಧಾನ ಇತ್ತು ನನಗೆ.

ಈಗ ಹೋದ ಗುರುವಾರದ ಸಂಗತಿ ಹೇಳುತ್ತೇನೆ. ಬೆಕ್ಕಿಗೆ ಸ್ವಲ್ಪ ಜೀವ ಬಂದಿತ್ತು. ವೈದ್ಯೆ, ಇನ್ನು ತಾನಾಗಿ ತಿನ್ನಬೇಕು, ಇಲ್ಲದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಅಂದಿದ್ದಳು. ಕೋಳಿಯ ಎದೆಭಾಗ ಬೇಯಿಸಿ, ಉಪ್ಪು ಮಸಾಲೆ ಏನೂ ಹಾಕದೆ, ಬೇಕಿದ್ದರೆ ಚೂರು ಸಿಹಿಗುಂಬಳ ಸೇರಿಸಿ ಕೊಟ್ಟು ನೋಡಿ ಎಂದಳು. ಅದು ನನಗೆ ಹೊಸ ಅಡುಗೆಯೇ? ಅಮ್ಮನಿಗೆ ಮೂರು ವರ್ಷ ಮಾಡಿದ್ದು ಅದನ್ನೇ. ಕೋಳಿ, ಕುಂಬಳ, ಮೆತ್ತಗಿನ ಅನ್ನ. ಕೈ ತಾನಾಗಿಯೇ ಮಾಡಿತು. ಬೋಗುಣಿಯಲ್ಲಿ ಹಾಕಿಟ್ಟೆ, ಬೆಕ್ಕು ನೋಡಲಿಲ್ಲ. ಬೋಗುಣಿಯಲ್ಲಿ ಹಳೆಯ ಪೊಟ್ಟಣದ ವಾಸನೆ ಇರಬಹುದು ಎಂದು, ಮೇಲಿನ ಅಟ್ಟಣೆಯಿಂದ ಅಮ್ಮನ ತಟ್ಟೆ ಇಳಿಸಿದೆ. ಮೂರು ಖಾನೆಯ ಸ್ಟೀಲ್ ತಟ್ಟೆ, ನಮ್ಮ ಆಸ್ಪತ್ರೆಯದೇ ಮಾದರಿ. ಐದು ತಿಂಗಳಿಂದ ಮುಟ್ಟಿರಲಿಲ್ಲ. ಅಭ್ಯಾಸಬಲ, ಒಂದು ಖಾನೆಗೆ ಕೋಳಿ, ಒಂದಕ್ಕೆ ಕುಂಬಳ, ದೊಡ್ಡದಕ್ಕೆ ಅನ್ನ ಬಡಿಸಿ, ಕಿಟಕಿಯ ಹತ್ತಿರ ಅಮ್ಮನ ಕುರ್ಚಿಯ ಮುಂದಿದ್ದ ಸ್ಟೂಲಿನ ಮೇಲೆ ಇಟ್ಟೆ. ಸ್ಟೀಲಿನ ಸದ್ದು ಆದದ್ದೇ ತಡ, ಮಂಚದ ಕೆಳಗಿಂದ ಬೆಕ್ಕು ಬಂತು. ಒಂಬತ್ತು ದಿನ ನಾನು ಎತ್ತಿ ಎತ್ತಿ ತಂದ ಬೆಕ್ಕು ತಾನೇ ನಡೆದು ಬಂದು, ಅಮ್ಮನ ಕುರ್ಚಿಯ ಮೇಲೆ ಏರಿ, ಸ್ಟೂಲಿಗೆ ಮುಂಗಾಲು ಕೊಟ್ಟು ತಿನ್ನತೊಡಗಿತು. ಮೊದಲು ಕೋಳಿ. ಆಮೇಲೆ ಕುಂಬಳ. ಕೊನೆಗೆ ಅನ್ನ. ಎಲ್ಲ ಮುಗಿಸಿ ಮೂರು ಖಾನೆ ಕೂಡುವ ಆ ಇಕ್ಕಟ್ಟಿನ ಮೂಲೆಯನ್ನು ನಾಲಿಗೆಯ ತುದಿಯಿಂದ ನೆಕ್ಕಿ ನೆಕ್ಕಿ ಹೊಳೆಯಿಸಿತು.

ನಾನು ತಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ಆ ಹೊಳಪು ನನಗೆ ಗೊತ್ತಿತ್ತು. ದಿನಾ ಸಂಜೆ ನಾಲ್ಕಕ್ಕೆ ಬಂದು ಅಮ್ಮನ ಮಧ್ಯಾಹ್ನದ ತಟ್ಟೆ ಎತ್ತುವಾಗ ನೋಡುತ್ತಿದ್ದ ಹೊಳಪು. ಆ ಮೂಲೆಗೆ ಯಾರ ಬೆರಳೂ ಹೋಗುವುದಿಲ್ಲ ಗುಬ್ಬೀ. ಅಮ್ಮನ ಬೆರಳುಗಳಂತೂ ಗಂಟು ಕಟ್ಟಿ ಮಡಚಲೇ ಆಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ತಟ್ಟೆ ನೋಡಿದವಳು, ಮೂರು ವರ್ಷ ಆ ಮೂಲೆಯನ್ನು ನೋಡಿಯೂ, ನಮ್ಮಮ್ಮ ಎಷ್ಟು ಚೆನ್ನಾಗಿ ಉಣ್ಣುತ್ತಾಳೆ ಎಂದು ಆಸ್ಪತ್ರೆಯಲ್ಲಿ ಜಂಬ ಕೊಚ್ಚಿಕೊಂಡೆ. ಬಾಯಿ ಬಿಟ್ಟು ಅಳುವ ರೋಗಿಗಳಿಗೆ ನಮ್ಮಮ್ಮನ ಉದಾಹರಣೆ ಕೊಟ್ಟೆ. ನಮ್ಮ ವಾರ್ಡುಗಳಲ್ಲಿ ಬೆಕ್ಕಿಲ್ಲ. ಅದೊಂದು ಕಳ್ಳಾಟ ನನಗೆ ಗೊತ್ತಿರಲಿಲ್ಲ.

ಅವಳು ತಿನ್ನುವುದನ್ನು ನಾನು ನೋಡಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಬೆಳಿಗ್ಗೆ ಆರಕ್ಕೆ ನಾನು ಹೊರಟರೆ ಎಂಟರ ತಿಂಡಿಯೂ ಹನ್ನೆರಡೂವರೆಯ ಊಟವೂ ಮುಚ್ಚಿಟ್ಟು ಹೋಗುತ್ತಿದ್ದೆ. ಸಂಜೆ ಏಳಕ್ಕೆ ಕಿಟಕಿಯ ಹತ್ತಿರ ತಟ್ಟೆ ಇಟ್ಟು ನಾಳೆಯ ತರಕಾರಿ ಹೆಚ್ಚಲು ಒಳಗೆ ಹೋಗುತ್ತಿದ್ದೆ. ಒಂದೆರಡು ಸಲ ಎದುರು ಕೂರಲು ಹೋದರೆ, 'ನೀನು ಹೀಗೆ ಇನ್ಸ್‌ಪೆಕ್ಟರ್ ಥರ ನೋಡ್ತಾ ಕೂತ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ ಹೋಗೇ' ಎಂದು ಅಟ್ಟಿದಳು. ನನಗೂ ಅಷ್ಟೇ ಸಾಕಿತ್ತು. ಅವಳ ತೂಕ ಇಳಿದಾಗ ಡಾಕ್ಟರು ಖುಷಿಪಟ್ಟರು, ಕಾಲಿನ ನೀರು ಇಳಿಯುತ್ತಿದೆ, ಪಥ್ಯ ಹಿಡಿದಿದೆ ಅಂದರು. ನಾನೂ ಖುಷಿಪಟ್ಟೆ. ಅಮ್ಮ ಇಳಿದಳು, ಬೆಕ್ಕು ಏರಿತು. ಎರಡನ್ನೂ ಒಂದೇ ಮನೆಯಲ್ಲಿ, ಒಂದೇ ಕಣ್ಣಿನಿಂದ ನೋಡುತ್ತಿದ್ದೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕು ಕಣ್ಣು ತೆರೆದೇ ತಿಂದಿತು, ಮುಚ್ಚಿಕೊಂಡವಳು ನಾನು.

ಹಾಗಾದರೆ ಅಮ್ಮ ಏನು ತಿಂದಳು? ಅದನ್ನು ಕೇಳಲು ದರ್ಜಿ ಅಕ್ಕನ ಬಳಿ ಇಳಿದು ಹೋದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿದರು. ಆಮೇಲೆ, 'ನಿಮ್ಮಮ್ಮ ಮಧ್ಯಾಹ್ನ ಇಳಿದು ಬರ್ತಿದ್ರು. ನನ್ನ ಡಬ್ಬಿಯಿಂದ ಎರಡು ತುತ್ತು ತಿಂದು, ಉಪ್ಪಿದೆ, ಉಪ್ಪಿದೆ ಅಂತ ಮಕ್ಕಳ ಥರ ನಗ್ತಿದ್ರು. ನಿಮಗೆ ಹೇಳಿದ್ರೆ ಬೈತೀರಿ ಅಂತ ಸುಮ್ನಿದ್ದೆ. ಕೊನೇ ನಾಲ್ಕು ತಿಂಗಳು ಮೆಟ್ಟಿಲು ಇಳಿಯೋಕೆ ಆಗ್ಲಿಲ್ಲ ಅವರಿಗೆ' ಅಂದರು. ಆ ನಾಲ್ಕು ತಿಂಗಳೂ ತಟ್ಟೆ ಖಾಲಿಯೇ ಬಂದಿದೆ. ಹೊಟ್ಟೆಗೆ ಚಹಾ ಹೋಗಿರಬಹುದು, ಒಂದೆರಡು ತುತ್ತು ಹೋಗಿರಬಹುದು. ಕೊನೆಯ ದಿನ ಬಚ್ಚಲಲ್ಲಿ ಕಾಲು ಸೋತು ಬಿದ್ದದ್ದಕ್ಕೆ ಡಾಕ್ಟರು ಹೃದಯ ಅಂದರು, ಚೀಟಿಯಲ್ಲಿ ಹಾಗೆಯೇ ಬರೆದರು. ನಾನು ಇನ್ನು ಏನೆಂದು ನಂಬಲಿ? ಮನೆಯಲ್ಲಿ ಒಂದು ಚಿಟಿಕೆ ಉಪ್ಪಾದರೂ ಸಿಕ್ಕಿದ್ದರೆ ಅವಳು ಆ ಅನ್ನ ತಿನ್ನುತ್ತಿದ್ದಳೋ ಏನೋ. ಉಪ್ಪಿನ ಡಬ್ಬಿಯನ್ನು ದಿನಾ ಬೆಳಿಗ್ಗೆ ನನ್ನ ಕೈಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ಅಮ್ಮನನ್ನು ಕಾಪಾಡುತ್ತಿದ್ದೇನೆ ಎಂದೇ ನನ್ನ ನಂಬಿಕೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರಲ್ಲ, ಒಂದಕ್ಕಾಗಿ ಇನ್ನೊಂದಕ್ಕೆ ಬೀಗ ಹಾಕಿ ಎರಡನ್ನೂ ಕಳೆದುಕೊಂಡೆ.

ಅವಳ ಮೇಲೂ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಒಂದು ಸಲ ತಟ್ಟೆ ನೂಕಿ, ಈ ದರಿದ್ರ ಊಟ ನಂಗೆ ಬೇಡ ಅನ್ನಬಹುದಿತ್ತು. ಅಂದಿದ್ದರೆ ನಾನು ಜಗಳ ಆಡುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಚೂರು ಉಪ್ಪು ಹಾಕುತ್ತಿದ್ದೆ. ಡಾಕ್ಟರನ್ನೇ ಕೇಳಿ ಬೇರೆ ದಾರಿ ಹುಡುಕುತ್ತಿದ್ದೆ. ಅದಕ್ಕೂ ಉಪಾಯವಿದೆ, ನಿಂಬೆಹುಳಿ ಇದೆ, ಮೆಣಸಿದೆ, ರೋಗಿಗಳಿಗೆ ದಿನಾ ಮಾಡುತ್ತೇನೆ. ತಟ್ಟೆ ಖಾಲಿ ಬರುತ್ತಿದ್ದರೆ ಉಪಾಯ ಯಾರು ಹುಡುಕುತ್ತಾರೆ?

ಇಷ್ಟನ್ನು ಬರೆದದ್ದು ಯಾಕೆಂದರೆ, ಅಂದು ನಡುಮನೆಯಲ್ಲಿ ನೀನು ಅಂದದ್ದು ನಿಜ. ಮಾತು ಒರಟಾಗಿತ್ತು, ನಿಜ ಮಾತ್ರ ನಿಜವೇ. ನಾನು ಒಪ್ಪಿಕೊಂಡಿದ್ದೇನೆ. ಚಿಕ್ಕಪ್ಪನಿಗೂ ಅತ್ತೆಗೂ ನಾನೇ ಹೇಳುತ್ತೇನೆ. ಐದು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಬೈದುಕೊಂಡೆ, ಅದನ್ನೂ ವಾಪಸು ತೆಗೆದುಕೊಂಡೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ, ನಿನ್ನ ಕೋರ್ಟಿನ ಬಿಡುವಿನಲ್ಲಿ, ಅಮ್ಮನಿಗೆ ತಪ್ಪದೆ ಫೋನ್ ಮಾಡುತ್ತಿದ್ದವಳು ನೀನು. ಆ ಒಂದು ಗಂಟೆಗಾಗಿ ಅವಳು ತಲೆ ಬಾಚಿಕೊಂಡು ಕೂರುತ್ತಿದ್ದಳು. ನೀನು ಕೊಟ್ಟದ್ದು ಅವಳಿಗೆ ಸೇರಿತು, ನಾನು ಕೊಟ್ಟದ್ದು ಬೆಕ್ಕಿಗೆ ಸೇರಿತು.

ಬೆಕ್ಕನ್ನು ಬಂದು ಕರೆದುಕೊಂಡು ಹೋಗು. ನನ್ನ ಕೈಯಲ್ಲಿ ಇನ್ನೊಂದು ಜೀವದ ಊಟ ಬೇಡ. ಈಗ ದಿನಾ ತಿನ್ನುತ್ತಿದೆ, ಕಿವಿಯ ಹಳದಿ ಇಳಿದಿದೆ, ತೂಕ ಐದೂಕಾಲು ಕಿಲೋ. ಐದರ ಹತ್ತಿರ ನಿಂತರೆ ಸಾಕಂತೆ. ನಿನ್ನ ಪೊಟ್ಟಣ ಕೆಟ್ಟದ್ದಲ್ಲ, ಆದರೆ ಬರೀ ಒಣದು ಬೇಡ, ಬೆಕ್ಕು ನೀರು ಕಡಿಮೆ ಕುಡಿಯುತ್ತದೆ, ತೇವ ಇರುವ ಮಾಂಸದ ಊಟವೇ ಮುಖ್ಯ ಎಂದು ವೈದ್ಯೆ ಹೇಳಿದ್ದಾಳೆ. ಹಾಗೆಂದು ಬರೀ ಬೇಯಿಸಿದ ಕೋಳಿಯೂ ಬಹಳ ಕಾಲ ಸಾಲದು, ಬೆಕ್ಕಿಗೆ ಬೇಕಾದ ಸತ್ವಗಳು ಅದರಲ್ಲಿ ಇಲ್ಲ. ಈಗ ಕೋಳಿಯ ಜೊತೆ ಬೆಕ್ಕಿನ ತೇವದ ಊಟವನ್ನು ದಿನಕ್ಕೊಂದು ಚಮಚ ಹೆಚ್ಚಿಸುತ್ತಾ ಕಲಸುತ್ತಿದ್ದೇನೆ. ಅನ್ನ ಬಿಡಿಸಿದ್ದೇನೆ. ಹಾಲು ಬೇಡವೇ ಬೇಡ. ತಟ್ಟೆ ಹಾಕಿ ಹೋಗಿಬಿಡಬೇಡ. ಎಷ್ಟೇ ಕೆಲಸವಿರಲಿ, ಅದು ತಿಂದು ಮುಗಿಸುವವರೆಗೆ ಎದುರು ಕೂತು ನೋಡು. ತಟ್ಟೆಯನ್ನಲ್ಲ, ಬಾಯಿಯನ್ನು ನೋಡು. ಅಕ್ಕ ಕಲಿತದ್ದು ಇಷ್ಟೇ.

ಮಣಿಕಟ್ಟಿಗೆ ಶಾಖ ಕೊಡು. ಹೊತ್ತಿಗೆ ಸರಿಯಾಗಿ ಉಣ್ಣು, ರುಚಿಯಾಗಿ ಮಾಡಿಕೊಂಡು ಉಣ್ಣು. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ನಿನ್ನ ಹೊಸ ಮನೆ ನಿನಗೆ ಒಗ್ಗಲಿ, ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ದರ್ಜಿ ಅಕ್ಕ ಅಂಚೆಕಚೇರಿಯ ಕಡೆ ಹೊರಟು ಕೆಳಗೆ ಕಾಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಗೆ ನಿನ್ನ ಹೊಸ ವಿಳಾಸ ಬೇಕಿತ್ತು. ಅದು ಮೂರನೆಯ ಹಾಳೆಯ ಕೊನೆಯಲ್ಲಿದೆ. ಡ್ರಾಯರ್‌ನಿಂದ ತೆಗೆದೆ, ಓದಿದೆ. 'ಹಳೆಯ ಅಭ್ಯಾಸಗಳು' ಎಂದು ಮೇಲೆ ಬರೆದಿದ್ದೀಯ. 'ಉಪ್ಪಿಲ್ಲದ ಕೋಳಿ, ಸಿಹಿಗುಂಬಳ, ಮೆತ್ತಗಿನ ಅನ್ನ. ಕೋಳಿ ಮೊದಲು, ಕುಂಬಳ ಆಮೇಲೆ. ಎಂಟಕ್ಕೆ, ಹನ್ನೆರಡೂವರೆಗೆ, ಏಳಕ್ಕೆ. ಮೂರು ಖಾನೆಯ ಸ್ಟೀಲ್ ತಟ್ಟೆಯಲ್ಲೇ ಇಡಬೇಕು, ಬೋಗುಣಿಯಲ್ಲಿ ಮುಟ್ಟುವುದಿಲ್ಲ.' ಗುಬ್ಬೀ, ನೀನು ಈ ಬೆಕ್ಕನ್ನು ಎರಡು ತಿಂಗಳ ಮರಿಯಿದ್ದಾಗ ಅಮ್ಮನ ಮಡಿಲಲ್ಲಿ ಬಿಟ್ಟು ಹೋದವಳು. ಅದು ಉಣ್ಣುವುದನ್ನು ಒಂದು ದಿನವೂ ನೋಡಿದವಳಲ್ಲ. ಅಮ್ಮ ದಿನಾ ಒಂದು ಗಂಟೆಗೆ ಹೇಳಿದ್ದಾಳೆ, ನೀನು ನಿನ್ನ ಕೋರ್ಟಿನ ಅಭ್ಯಾಸದಂತೆ ಅಕ್ಷರ ಬಿಡದೆ ಬರೆದಿಟ್ಟುಕೊಂಡಿದ್ದೀಯ. 'ಅಕ್ಕನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ' ಅಂದಿರುತ್ತಾಳೆ, ಆ ದನಿ ನನಗೂ ಗೊತ್ತು. ನೀನು ಹೇಳಲಿಲ್ಲ. ನಡುಮನೆಯಲ್ಲಿ ನಾನು ತಟ್ಟೆ ಖಾಲಿ ಬರುತ್ತಿತ್ತು ಅಂದಾಗ ನೀನು ಬಾಯಿ ಮುಚ್ಚಿ ಬೆಕ್ಕನ್ನು ಎತ್ತಿಕೊಂಡದ್ದು ಯಾಕೆಂದು ಈಗ ತಿಳಿಯಿತು. ಈ ಹಾಳೆಯನ್ನು ಅಂದೇ ಓದಿದ್ದರೆ ಬೆಕ್ಕು ನಾಲ್ಕು ದಿನ ಉಪವಾಸ ಇರುತ್ತಿರಲಿಲ್ಲ, ಅದು ನನ್ನ ತಪ್ಪು. ಆದರೆ ಬೆಕ್ಕು ಉಳಿಯಲಿ ಎಂದು ನೀನು ಬರೆದ ಈ ನಾಲ್ಕು ಸಾಲನ್ನು, ಅಮ್ಮ ಉಳಿಯಲಿ ಎಂದು ಒಂದು ವರ್ಷ ಮೊದಲು ಬರೆಯಬಹುದಿತ್ತು. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ, ನನ್ನ ಪಾಲು ನನ್ನದೇ. ಬೆಕ್ಕನ್ನು ಮಾತ್ರ ಕೊಡುವುದಿಲ್ಲ. ನೀನು ಬಾ. ಹನ್ನೆರಡೂವರೆಗೆ ಸರಿಯಾಗಿ ಬಾ, ಅಮ್ಮನ ಕುರ್ಚಿಯ ಮುಂದೆ ತಟ್ಟೆಯನ್ನು ನಿನ್ನ ಕೈಯಾರೆ ಇಡು, ಅದು ಕೊನೆಯ ಮೂಲೆ ನೆಕ್ಕಿ ಮುಗಿಸುವವರೆಗೆ ನನ್ನ ಪಕ್ಕದಲ್ಲಿ ಕೂತು ನೋಡು. ಆಮೇಲೆ ಆ ತಟ್ಟೆ ತೊಳೆದಿಟ್ಟು ಹೋಗು.